ಬಟ್ಟೆ ಅಂಗಡಿಯ ಮೇಲಿನ ಕೋಣೆ

ಅಮ್ಮ ಅದನ್ನು ಯಾವತ್ತೂ ಮನೆ ಎನ್ನುತ್ತಿರಲಿಲ್ಲ. ಫೋನಿನಲ್ಲಿ "ರೂಮಲ್ಲಿದ್ಯಾ?" ಎಂದು ಶುರು ಮಾಡಿ, "ಮನೆಗೆ ಯಾವಾಗ ಬರ್ತೀಯಾ?" ಎಂದು ಮುಗಿಸುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ನಲವತ್ತು ದಾಟಿದ ಮೇಲೆ ಮೊದಲ ಸಲ ನನ್ನದೇ ಎನ್ನುವ ಬೀಗದ ಕೈ ಸಿಕ್ಕಿದೆ, ಇವಳಿಗೆ ಅದು ಬರೀ ರೂಮು.

ಸಾಗರದ ಪೇಟೆಯ ನಡುವೆ, ಬಟ್ಟೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ ಅದು. ಮಂಚದ ಮೇಲೆ ಕೂತೇ ಒಲೆಯ ಉರಿ ಸಣ್ಣ ಮಾಡಬಹುದು. ಒಗ್ಗರಣೆ ಹಾಕಿದ ದಿನ ದಿಂಬಿಗೂ ಇಂಗಿನ ವಾಸನೆ. ಬಾಡಿಗೆಗೆ ಕೇಳಲು ಹೋದಾಗ ಮಾಲೀಕರು, "ಯಾರ್ಯಾರು ಇರ್ತೀರಿ?" ಎಂದರು. ನಾನೊಬ್ಬಳೇ ಎಂದೆ.

"ಈಗ ಸರಿ, ಆಮೇಲೆ?"

"ಆಮೇಲೂ ನಾನೊಬ್ಳೇ."

ಅವರು ನನ್ನ ಬೆನ್ನ ಹಿಂದೆ ಮೆಟ್ಟಿಲ ಕಡೆ ಒಮ್ಮೆ ಇಣುಕಿದರು, ಗಂಡನೆಂಬುವನು ತಡವಾಗಿ ಹತ್ತಿ ಬರುತ್ತಿರಬಹುದು ಎಂಬಂತೆ. ಯಾರೂ ಬರಲಿಲ್ಲ. ಬೀಗದ ಕೈ ಕೊಟ್ಟರು.

ಅದಕ್ಕೆ ಮೊದಲು ಇದೇ ಊರಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಬಂದವಳು ವರ್ಷಗಟ್ಟಲೆ ಅವರ ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟೆ. ಯಾರೂ ಒಂದು ಮಾತು ಆಡಿದವರಲ್ಲ. ಆದರೂ ಟೀ ಕುಡಿಯಬೇಕು ಅನ್ನಿಸಿದರೆ, ಅವರೆಲ್ಲ ಕುಡಿಯುವ ಹೊತ್ತಾಗಲಿ ಎಂದು ಕಾಯುತ್ತಿದ್ದೆ. ಇಲ್ಲಿಗೆ ಬಂದ ದಿನ ಮಟಮಟ ಮಧ್ಯಾಹ್ನ ಟೀ ಮಾಡಿ ಕುಡಿದು, ಲೋಟ ತೊಳೆಯದೆ ಹಾಗೇ ಇಟ್ಟು ಅಡ್ಡಾದೆ. ಕೆಳಗೆ ಸೊರಬದ ಬಸ್ಸಿಗೆ ಜನ ಕರೆಯುವ ಕೂಗು, ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಸದ್ದು. ಆ ಗಲಾಟೆಯಲ್ಲಿ ಬಂದಂಥ ನಿದ್ದೆ ನನಗೆ ಹಿಂದೆಂದೂ ಬಂದಿರಲಿಲ್ಲ.

ಇದನ್ನೆಲ್ಲ ಅಮ್ಮ ಬಂದು ನೋಡಬೇಕು ಎಂದು ಆಸೆ. ಕವಲೇದುರ್ಗದ ಬುಡದ ನಮ್ಮೂರಿಂದ ಹೊರಡಲು ಅವಳಿಗೆ ನೂರೆಂಟು ನೆಪ. ಅಪ್ಪನ ಬಿಸಿನೀರು, ಕರು ಹಾಕುವ ಹಸು. ಹೊಸನಗರದ ಅಕ್ಕನ ಮನೆಗಾದರೆ ಕರೆಯದಿದ್ದರೂ ಹೋಗುತ್ತಾಳೆ. "ಅವ್ಳದ್ದು ಸಂಸಾರ ಕಣೇ, ಹೋಗ್ಬೇಕಾಗ್ತದೆ" ಎನ್ನುತ್ತಿದ್ದಳು. ಹಾಗಾದರೆ ನನ್ನದೇನು ಎಂದುಕೊಂಡು ಫೋನಿಡುತ್ತಿದ್ದೆ.

ಕೊನೆಗೆ ಅವಳನ್ನು ಕರೆತಂದದ್ದು ಅವಳ ಕಣ್ಣು. ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದೆ ಎಂದು ಊರಲ್ಲಿ ಅತ್ತಿಗೆ ಗೊಣಗಿದ ಮೇಲೆ ನಮ್ಮ ಅಂಗಡಿಗೆ ಬಂದಳು. ಕಣ್ಣು ತೋರಿಸಿ ಸಂಜೆಯ ಬಸ್ಸಿಗೆ ವಾಪಸ್ಸು ಎಂದು ಅವಳ ಯೋಚನೆ. ಕನ್ನಡಕ ಸಿಗುವುದು ನಾಳೆ ಎಂದೆ. ಮುಖ ಸಣ್ಣ ಮಾಡಿಕೊಂಡು ನನ್ನ ಮೆಟ್ಟಿಲು ಹತ್ತಿದಳು.

ಕುರ್ಚಿಯ ತುದಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತಳು. "ಅಲ್ಲಾ ಮಾರಾಯ್ತಿ, ನೀ ಅಡುಗೆಮನೇಲಿ ಮಲಗೋದಾ, ಮಲಗೋ ಕೋಣೇಲಿ ಅಡುಗೆ ಮಾಡೋದಾ?" ಎಂದು ನಕ್ಕಳು. ನಾನು ನಗಲಿಲ್ಲ. ಊರಲ್ಲಿ ಹೇಳದೆ ಕೇಳದೆ ನನ್ನ ಬೀರು ತೆಗೆದು ಬಟ್ಟೆಯೆಲ್ಲ ಹೊಸದಾಗಿ ಮಡಚಿಡುವ ಹೆಂಗಸು, ಇಲ್ಲಿ ಒಂದೊಂದಕ್ಕೂ ನನ್ನ ಮುಖ ನೋಡುತ್ತಿದ್ದಳು. "ಈ ಲೋಟ ತಗಳ್ಲಾ?" "ಟವಲ್ ಎಲ್ಲಿ ಹಾಕ್ಲಿ?" ಚೀಲದಲ್ಲಿದ್ದ ಕಾಯಿ, ಬೆಲ್ಲಗಳನ್ನು ಒಲೆಯ ಹತ್ತಿರ ಇಡದೆ ನನ್ನ ಕೈಗೇ ಕೊಟ್ಟಳು. ಹೆತ್ತವಳು ಹೊರಗಿನವರ ಹಾಗೆ ಆಡುತ್ತಾಳಲ್ಲ ಎಂದು ನನಗೆ ಅಳುವೇ ಬಂತು. ಈರುಳ್ಳಿ ಹೆಚ್ಚಲು ಕೂತೆ.

ಸಂಜೆ ಮಾತ್ರ ಅವಳು ಕಿಟಕಿ ಬಿಟ್ಟು ಏಳಲಿಲ್ಲ. "ಆ ಹಸ್ರು ಸೀರೆಯವ್ಳು ಆಗ್ಲಿಂದ ಎಲ್ಲಾ ಅಂಗಡಿ ಹೊಕ್ಕಿ ಬಂದ್ಲು, ಒಂದು ಪಿನ್ನೂ ಕೊಂಡಿಲ್ಲ ನೋಡು" ಎಂದು ವರದಿ ಒಪ್ಪಿಸುತ್ತಿದ್ದಳು. ಅವಳಿಗೆ ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು, ತೊಂದರೆ ಹತ್ತಿರದ್ದೇ.

ಮರುದಿನ ಕನ್ನಡಕ ತಂದುಕೊಟ್ಟೆ. ಊಟ ಮುಗಿಸಿ, ಚೀಲ ಹಿಡಿದು ಬಾಗಿಲ ತನಕ ಬಂದವಳು ಹೊಸಿಲಿನ ಒಳಗೇ ನಿಂತಳು. ಬಸ್ಸಿಗೆ ಹೊತ್ತಾಯಿತು, ನಡಿ ಎಂದೆ. ಅಲುಗಲಿಲ್ಲ.

"ಕುಂಕುಮ ಕೊಡಲ್ವೇನೇ? ಹಂಗೇ ಕಳಿಸ್ತೀಯಾ?"

ನಮ್ಮ ಕಡೆ ಬೇರೆ ಮನೆಯಿಂದ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವುದಿಲ್ಲ. ಒಂದೇ ಮನೆಯವರು ಹಾಗೆ ಕೊಟ್ಟುಕೊಳ್ಳುವುದೂ ಇಲ್ಲ. ಅಕ್ಕ ತನ್ನ ಮನೆಯಿಂದ ಅಮ್ಮನನ್ನು ಕಳಿಸುವಾಗ ಕೊಡುವುದನ್ನು ಎಷ್ಟೋ ಸಲ ನೋಡಿದ್ದೆ. ನಾನು ಕೊಟ್ಟವಳೇ ಅಲ್ಲ. ನನಗೆ ಬೇರೆ ಮನೆ ಎಂಬುದು ಎಲ್ಲಿತ್ತು? ಅವಳು ಲೋಟ ಕೇಳಿ ತೆಗೆದುಕೊಂಡದ್ದು, ಕಾಯಿಯನ್ನು ಕೈಗೆ ಕೊಟ್ಟದ್ದು, ಎಲ್ಲವೂ ಅಕ್ಕನ ಮನೆಯಲ್ಲಿ ನಡೆದುಕೊಳ್ಳುವ ರೀತಿಯೇ. ನನ್ನ ಮಂದ ತಲೆಗೆ ಅದು ಹೊಳೆದದ್ದು ಆಗ.

ಕೊಡೋಣವೆಂದರೆ ಕುಂಕುಮವೇ ಇಲ್ಲ. ನಾನು ಸ್ಟಿಕ್ಕರ್ ಹಚ್ಚುವವಳು. ತಡಬಡಾಯಿಸಿ ಡಬ್ಬಿಗಳನ್ನೆಲ್ಲ ತೆರೆಯುತ್ತಿದ್ದರೆ ಅವಳು ಬಾಗಿಲಿಂದಲೇ ಬೈದಳು. "ಕುಂಕುಮ ಇಲ್ದಿರೋ ಮನೆ ಉಂಟನೇ? ಎಂತ ಮನೆ ಮಾಡಿದ್ಯೇ ನೀನು!"

ಮನೆ ಎಂದದ್ದು ಅವಳ ಗಮನಕ್ಕೆ ಬರಲಿಲ್ಲ. ನಾನು ಕೈಯಲ್ಲಿದ್ದ ಡಬ್ಬಿ ಮುಚ್ಚಿಟ್ಟೆ.

ಕನ್ನಡಿಗೆ ಅಂಟಿಸಿಟ್ಟಿದ್ದ ಕೆಂಪು ಸ್ಟಿಕ್ಕರೊಂದನ್ನು ಕಿತ್ತು, ಅವಳ ಹಣೆಯ ಕುಂಕುಮದ ಕೆಳಗೆ ಒತ್ತಿದೆ. ಅವಳು ಸೆರಗೊಡ್ಡಿದಳು. ಅವಳೇ ತಂದಿದ್ದ ಕಾಯಿಯನ್ನು ಅದರೊಳಗಿಟ್ಟೆ. ತನ್ನ ಮನೆಯ ಕಾಯಿಯನ್ನೇ ಅಷ್ಟು ಗಂಭೀರವಾಗಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಲು ಹೋದಳು, ಹೊಸ ಕನ್ನಡಕ ಅಡ್ಡ ಬಂತು. ಇಬ್ಬರೂ ನಕ್ಕೆವು.

ಅವಳನ್ನು ಬಸ್ಸು ಹತ್ತಿಸಿ ಬರುವಾಗ ಪೇಟೆಯಲ್ಲಿ ಒಂದು ಕುಂಕುಮದ ಭರಣಿ ಕೊಂಡೆ. ಅಮ್ಮ ಮತ್ತೆ ಮನೆಗೆ ಬಂದಾಗ ಬೇಕಾಗುತ್ತದೆ.