ಕಪ್ಪು ಬಣ್ಣದಡಿಯ ಹೋರಾಟಗಾರ್ತಿ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಒಮಾನಿನ ಅಲ್ ಗುಬ್ರಾದ ಫೋಟೋ ಫ್ರೇಮ್ ಅಂಗಡಿಯ ಬಾಗಿಲಿಗೆ ಮೇಜು ಎಳೆದುಕೊಂಡು ಫೌಸ್ಟಿನ್ ಡಿಮೆಲ್ಲೊ ಕೂತಿದ್ದಾರೆ. ಮುಂದೆ ನೂರು ವರ್ಷ ದಾಟಿದ ಫೋಟೋ. ಅಗಲ ಟೋಪಿ ಧರಿಸಿ, ಎದೆಗೆ ಅಡ್ಡಲಾಗಿ ಗುಂಡಿನ ಪಟ್ಟಿ ಬಿಗಿದ ನಾಲ್ವರು ಗಂಡಸರು. ಮೆಕ್ಸಿಕೋ ಕ್ರಾಂತಿಯಲ್ಲಿ ಹೋರಾಡಿದವರು. ಫೋಟೋದ ಬಲಮೂಲೆಯಲ್ಲಿ ಫೌಸ್ಟಿನ್ ಹತ್ತಿ ಸುತ್ತಿದ ಕಡ್ಡಿ ಆಡಿಸುತ್ತಾರೆ.

"ಈ ಬೆಳಕೇ ಆಗ್ಬೇಕು. ಟ್ಯೂಬ್‌ಲೈಟಲ್ಲಿ ಬಣ್ಣ ಯಾವುದು, ನೆರಳು ಯಾವುದು ಗೊತ್ತಾಗುದಿಲ್ಲ."

ಶಿರ್ವದ ಫೌಸ್ಟಿನ್‌ಗೆ ಈಗ ಐವತ್ತೇಳು. ಒಮಾನಿಗೆ ಬಂದದ್ದು ಬಡಗಿಯಾಗಿ. ಅಲ್ಲಿನ ಸಹಮ್ ಪಟ್ಟಣದಲ್ಲಿ ಹನ್ನೊಂದು ವರ್ಷ ಬಾಗಿಲು ಕಿಟಕಿ ಮಾಡಿದರು. ಗರಗಸಕ್ಕೆ ಎಡಗೈಯ ಎರಡು ಬೆರಳ ತುದಿ ಹೋದ ಮೇಲೆ ಈ ಅಂಗಡಿಗೆ ಸೇರಿದರು. ದಿನಕ್ಕೆ ಹದಿನೈದಿಪ್ಪತ್ತು ಫ್ರೇಮ್ ಕಟ್ಟುತ್ತಾರೆ. ಹಳೆ ಫೋಟೋ ಸರಿಪಡಿಸುವುದನ್ನು ಬಿಸಾಡಿದ ಫೋಟೋಗಳ ಮೇಲೆ ತಾವೇ ಕಲಿತರು. "ಅಂಗಡಿ ತೆರೆಯುವ ಮುಂಚೆ ಏನು ಬೇಕಾದ್ರೂ ಮಾಡು ಅಂತಾರೆ ಕಫೀಲ್, ನಮ್ಮ ಅಂಗಡಿಯ ಧಣಿ."

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿರುವ ಮೆಕ್ಸಿಕೋದ ಶಿಕ್ಷಕಿ ಮಾರಿಸೆಲಾ, ತೇವ ಹಿಡಿದ ಏಳು ಫೋಟೋ ತಂದುಕೊಟ್ಟಿದ್ದರು. ಎಲ್ಲವೂ ಅವರ ಮನೆತನದ ಹೋರಾಟಗಾರರವು. ಈಗ ಮೇಜಿನ ಮೇಲಿರುವ ಏಳನೆಯದರ ಮೂಲೆಗೆ ಯಾರೋ ದಪ್ಪಗೆ ಕಪ್ಪು ಬಳಿದಿದ್ದರು. ಅಂಚು ಒರೆಸುವಾಗ ಒಂದು ಬರಿಗಾಲು ಕಂಡಿತು. ಫೌಸ್ಟಿನ್ ಕೈ ನಿಲ್ಲಿಸಿ ಫೋನ್ ಮಾಡಿದರು.

"ಮೇಡಂ, ಇಲ್ಲಿ ಇನ್ನೊಬ್ಬರಿದ್ದಾರೆ. ಬಣ್ಣ ತೆಗೆಯುದಾ, ಬೇಡ್ವಾ? ಮುಖ ಹಾಳಾದ್ರೂ ಆಗಬಹುದು."

ಮಾರಿಸೆಲಾಗೆ ಮನೆಯ ಹಳೆ ಮಾತೊಂದು ನೆನಪಾಯಿತು. ಮುತ್ತಜ್ಜಿ ತೊಮಾಸಾ ಬಂದೂಕು ಹಿಡಿದು ಯುದ್ಧಕ್ಕೆ ಹೋಗಿದ್ದಳೆಂದು ಅವರ ಅಜ್ಜಿ ಹೇಳುತ್ತಿದ್ದರು. ಮನೆಯ ಗಂಡಸರು ನಗುತ್ತಿದ್ದರು: ಹೋದದ್ದು ಅಡುಗೆಗೆ ಅಂತ. ಅವಳದೊಂದು ಫೋಟೋ ಕೂಡ ಇರಲಿಲ್ಲ.

"ತೆಗೆಯಿರಿ" ಎಂದರು ಮಾರಿಸೆಲಾ.

ಕಂಪ್ಯೂಟರಿನಲ್ಲಿ ಹೊಸ ಮುಖ ಕೂರಿಸಬಹುದೆಂದು ಪಕ್ಕದ ಸ್ಟುಡಿಯೋದವರು ಹೇಳಿದ್ದರು. ಫೌಸ್ಟಿನ್ ಒಪ್ಪಲಿಲ್ಲ. "ಚಂದದ ಮುಖ ಬರ್ತದೆ ಮಾರಾಯ್ರೆ. ಆದ್ರೆ ಅದು ಆ ಅಜ್ಜಿಯದ್ದಲ್ಲ."

ದಿನಕ್ಕೆ ಒಂದು ಉಗುರಿನಷ್ಟು ಜಾಗ. ಲಂಗ ಕಂಡಿತು, ಆಮೇಲೆ ಬಂದೂಕು, ಎದೆಯ ಮೇಲಿನ ಗುಂಡಿನ ಪಟ್ಟಿ. ಇವತ್ತು ಇಪ್ಪತ್ಮೂರನೆಯ ಬೆಳಗು. ಮುಖ ಬಿಡಿಸಿಯಾಗಿದೆ. ಎಡಗೆನ್ನೆ ಬಣ್ಣದ ಜೊತೆಗೇ ಎದ್ದುಹೋಗಿದೆ. ಫೌಸ್ಟಿನ್ ಅದನ್ನು ತುಂಬಿಸಿಲ್ಲ. ಕಣ್ಣುಗಳು ಮಾತ್ರ ನೆಟ್ಟಗೆ ನೋಡುತ್ತಿವೆ.

ಶಾಲೆಗೆ ಹೋಗುವ ದಾರಿಯಲ್ಲಿ ಮಾರಿಸೆಲಾ ಬರುತ್ತಾರೆ. ಫೋಟೋದ ಮೇಲೆ ಬಾಗಿ ನಿಲ್ಲುತ್ತಾರೆ. "ನನ್ನ ಅಜ್ಜಿಯದೇ ಗದ್ದ" ಎನ್ನುತ್ತಾರೆ. ಫೌಸ್ಟಿನ್ ಕುರ್ಚಿ ಸರಿಸಿಕೊಡುತ್ತಾರೆ.

ಅವರು ಹೋದ ಮೇಲೆ ಚಹಾ ಕುಡಿಯುತ್ತ ಫೌಸ್ಟಿನ್ ಹೇಳುತ್ತಾರೆ: "ನನ್ನ ಅಮ್ಮನ ಫೋಟೋ ಇಲ್ಲ. ಬೀಡಿ ಕಟ್ಟುವವರದ್ದು ಯಾರು ತೆಗೀತಾರೆ? ಮುಂದಿನ ರಜೆಯಲ್ಲಿ ಊರಿನ ಮನೆಮನೆಗೆ ಹೋಗಿ ಹಳೆ ಮದುವೆ ಆಲ್ಬಂ ಕೇಳ್ಬೇಕು ಅಂತ ಉಂಟು. ಯಾವುದಾದ್ರೂ ಗ್ರೂಪ್ ಫೋಟೋದ ಹಿಂದಿನ ಸಾಲಲ್ಲಿ ಅವಳು ನಿಂತಿರಬಹುದು."