ಮಟ್ಟುವಿನ ಗಾಳಿಮರಗಳು ಮತ್ತು ಒಂದು ಕಟ್ಟು ಹತ್ತಿ

ಕಾರ್ಕಳದಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ನೀರಿನ ಬಾಟಲಿ ಮತ್ತು ಒಂದು ಕಟ್ಟು ಹತ್ತಿ ಇತ್ತು. ಡಿಸೆಂಬರ್ ಬಂತೆಂದರೆ ಮಟ್ಟುವಿನ ಸಿಸಿಲಿಯಾ ಬಾಯಮ್ಮನ ಮನೆಗೆ ಹತ್ತಿ ಒಯ್ಯುವುದು ನನ್ನ ರೂಢಿ. ಅವರು ನನ್ನ ಹಳೆಯ ಶಿಷ್ಯೆಯೊಬ್ಬಳ ತಾಯಿ. ಅವರಲ್ಲಿ ಕ್ರಿಸ್‌ಮಸ್‌ಗೆ ಕೊಂಬೆ ಕಡಿಯುವುದಿಲ್ಲ. ಅಂಗಳದಾಚೆ ಸಮುದ್ರಕ್ಕೆ ಅಡ್ಡವಾಗಿ ನಿಂತ ಗಾಳಿಮರಗಳಿಗೇ, ಅಂದರೆ ಸರ್ವೆಮರಗಳಿಗೇ, ನಕ್ಷತ್ರ ಕಟ್ಟಿ, ತೊಗಟೆಗೆ ಹತ್ತಿ ಸಿಕ್ಕಿಸಿ ಹಿಮ ಮಾಡುತ್ತಾರೆ. ಬೆವರು ಒರೆಸಿಕೊಳ್ಳುತ್ತಾ ಹಿಮ ಮಾಡುವ ಸುಖ ನಮ್ಮ ಕರಾವಳಿಯವರಿಗೇ ಗೊತ್ತು.

ಮಣಿಪಾಲದಲ್ಲಿ ಬಸ್ಸು ಎಂದಿನಂತೆ ಕಾಲಿಡಲಾಗದಷ್ಟು ತುಂಬಿತು. ಉಡುಪಿಯಲ್ಲಿ ಗೋಳಿಬಜೆ, ಚಹಾ ಮುಗಿಸಿ ಕಾಪು ಬಸ್ಸು ಹಿಡಿದೆ. ಉದ್ಯಾವರ ದಾಟಿ ಕಟಪಾಡಿಯಲ್ಲಿಳಿದು ಆಟೋ ಮಾಡಿಕೊಂಡೆ.

ಆಟೋದಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ. ಆ ಅಂಗಳಕ್ಕೆ ಬಂದರೆ ಮೊದಲು ಕಿವಿಗೆ ಬೀಳುವುದು ಗಾಳಿಮರಗಳ ಸುಯ್ಲು. ಅಂದು ಗಾಳಿಯಿತ್ತು, ಸುಯ್ಲಿರಲಿಲ್ಲ. ಮರಗಳಲ್ಲಿ ಹಸಿರೇ ಇರಲಿಲ್ಲ. ಬೋಳು ಕಡ್ಡಿಗಳ ತುಂಬ ಕಂಬಳಿಹುಳು. 

"ಎಂತ ಬಾಯಮ್ಮ ಇದು?"

"ಕೇಳಬೇಡಿ ಟೀಚರ್. ಹೋದ ತಿಂಗಳು ಹಸಿರಾಗಿಯೇ ಇತ್ತು." ಅವರು ಮರಗಳ ಈಚೆ ಬದಿಗಿದ್ದ ತಮ್ಮ ಮಟ್ಟುಗುಳ್ಳದ ಗದ್ದೆ ತೋರಿಸಿದರು. ಬದನೆ ಎಲೆಗಳ ಅಂಚು ಆಗಲೇ ತಡೆಯಿಲ್ಲದೆ ನುಗ್ಗಿದ ಉಪ್ಪುಗಾಳಿಗೆ ಸುಟ್ಟಿತ್ತು. "ಈ ಮರ ಹೋದರೆ ಗುಳ್ಳವೂ ಹೋಯಿತು. ಗುಳ್ಳ ಬಿಟ್ಟರೆ ನನಗೆ ಬೇರೆ ಎಂತ ಉಂಟು?"

ಕಾಂಡಗಳ ಮೇಲೆ ಕಂದು ತಿರುಗಿದ ಹತ್ತಿಯುಂಡೆಗಳಿದ್ದವು. "ಹೋದ ವರ್ಷದ ಹಿಮ ಇನ್ನೂ ಉಂಟಲ್ಲ," ಎಂದೆ.

"ಮೊಮ್ಮಕ್ಕಳು ಅಂಟಿಸಿದ್ದಲ್ವಾ, ಕೀಳಲು ಮನಸ್ಸು ಬರಲಿಲ್ಲ. ಕೆಲಸದವರಿಗೂ ಮುಟ್ಟಬೇಡಿ ಅಂದೆ."

ಸುಮ್ಮನೆ ಒಂದನ್ನು ಕಿತ್ತೆ. ಅದು ಹತ್ತಿಯಲ್ಲ, ರೋಮ. ಬಿಡಿಸಿದರೆ ಒಳಗೆ ಸಾಸಿವೆಯಂಥ ಮೊಟ್ಟೆಗಳು. ಪಕ್ಕದಲ್ಲೇ ದಪ್ಪನೆಯ ಪತಂಗವೊಂದು ಕೂತು, ತನ್ನ ಮೈಯ ರೋಮದಿಂದಲೇ ಮೊಟ್ಟೆ ಮುಚ್ಚುತ್ತಿತ್ತು. ಆ ಕಂಬಳಿಹುಳುಗಳೆಲ್ಲ ಹುಟ್ಟಿದ್ದು ಇಂಥ ಉಂಡೆಗಳಿಂದಲೇ. ನಮ್ಮೂರಿನ ಮಳೆಗಾಲ ಕಳೆದ ಮೇಲೂ ಹತ್ತಿ ಮರದಲ್ಲಿ ಉಳಿದೀತೇ? ಇಷ್ಟು ಸಣ್ಣ ವಿಷಯ ನಮ್ಮಿಬ್ಬರ ತಲೆಗೂ ಹೋಗಿರಲಿಲ್ಲ.

ಬಾಯಮ್ಮ ಉಂಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದರೆ ಇವನ್ನೆಲ್ಲ ಇಷ್ಟು ದಿನ ನಾನೇ ಕಾದದ್ದಾ ಟೀಚರ್?"

 ಅವರು ಒಳಗಿನಿಂದ ಕತ್ತಿ ತಂದರು. ಸಂಜೆಯವರೆಗೆ ಇಬ್ಬರೂ ಉಂಡೆಗಳನ್ನು ಕೆರೆದು ಸಾಬೂನು ನೀರಿನ ಬಾಲ್ದಿಗೆ ಹಾಕಿದೆವು. ಕೈಗೆಟುಕದ ಎತ್ತರದಲ್ಲಿ ಇನ್ನೂ ಬೇಕಾದಷ್ಟಿದ್ದವು.

ಹೊರಡುವಾಗ ನೆನಪಾಗಿ ಚೀಲಕ್ಕೆ ಕೈಹಾಕಿದೆ. ಬಾಯಮ್ಮ ನನ್ನ ಕೈ ಹಿಡಿದುಕೊಂಡರು. "ಈ ಸಲ ಬೇಡ."

ಗೇಟಿನ ಬಳಿ ತಿರುಗಿ ನೋಡಿದೆ. ಇಷ್ಟು ವರ್ಷ ಬಂದು ಹೋದವಳಿಗೆ, ಆ ಅಂಗಳದಿಂದ ಮೊದಲ ಸಲ ಸಮುದ್ರ ಕಾಣಿಸಿತು.