ಲೆಕ್ಕಕ್ಕಿಲ್ಲದ ಕಂಡಕ್ಟರ್

ಗುಬ್ಬಿಯ ಸಿದ್ದಗಂಗಯ್ಯ ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರಾಗಿಯೇ ಹಣ್ಣಾದವನು. ಎಷ್ಟೇ ನೂಕುನುಗ್ಗಲಿರಲಿ, ತಲೆ ಎಣಿಸಿ ಟಿಕೆಟಿಗೆ ತಾಳೆ ನೋಡಿದ ಮೇಲೇ ‘ರೈಟ್’ ಅನ್ನುತ್ತಿದ್ದ. ನಿವೃತ್ತನಾದ ಮೇಲೆ ಅವನು ನೋಡಿಕೊಳ್ಳಬೇಕಾದ ಜೀವ ಒಂದೇ, ಮರೆವಿನ ಕಾಯಿಲೆಯ ಹೆಂಡತಿ ಸರ್ವಮಂಗಳಮ್ಮ.

ಮಗಳು ಮಾಲಿನಿ ಪಾಠ ಹೇಳಲು ಶಾಲೆಗೆ ಹೋದರೆ ಮನೆಯಲ್ಲಿ ಇಬ್ಬರೇ. ಆಗ ಸರ್ವಮಂಗಳಮ್ಮ ಇದ್ದಕ್ಕಿದ್ದಂತೆ ತಟ್ಟೆ ಎಸೆಯುವಳು, ಸೆರಗು ಬಿಗಿದುಕೊಂಡು ಮೂಲೆ ಸೇರಿ ನಡುಗುವಳು. ಕಾರಣ ತಿಳಿಯಲೆಂದು ತುಮಕೂರಿನ ಆಸ್ಪತ್ರೆಯ ನರ್ಸ್ ಅರುಣಾ ಅವನ ಫೋನಿಗೊಂದು ಆ್ಯಪ್ ಹಾಕಿಕೊಟ್ಟಿದ್ದಳು. ಹೀಗಾದಾಗಲೆಲ್ಲ ಅದು ಆ ದಿನಕ್ಕೊಂದು ಕೆಂಪು ಗುರುತು ಹಾಕಿ ಕೇಳುತ್ತಿತ್ತು: ಹಸಿವಿತ್ತೇ? ನೋವಿತ್ತೇ? ಸದ್ದಿತ್ತೇ? ಹತ್ತಿರ ಯಾರಿದ್ದರು? ಟಿಕೆಟ್ ಹರಿದಷ್ಟೇ ನಿಷ್ಠೆಯಿಂದ ಅವನು ಉತ್ತರ ಒತ್ತುತ್ತಿದ್ದ. ಪಕ್ಕದ ಹಿಟ್ಟಿನ ಗಿರಣಿಯ ಸದ್ದೇ ಕಾರಣವೆಂದು ಅವನ ನಂಬಿಕೆ. ಕಾರಣ ಸಿಕ್ಕರೆ ಅವಳ ಪಕ್ಕ ಕೂತು ಮತ್ತೆ ಜೊತೆಯಲ್ಲಿ ಉಣ್ಣಬಹುದು. ಅವನಿಗೆ ಬೇಕಿದ್ದುದು ಅಷ್ಟೇ.

ತಿಂಗಳ ಮೇಲೆ ಮಾಲಿನಿಯನ್ನು ಮನೆಯಲ್ಲಿ ಬಿಟ್ಟು ಅವನು ತುಮಕೂರಿಗೆ ಹೋದಾಗ ಅರುಣಾ ಫೋನು ನೋಡಿದಳು.

“ಗಿರಣಿ ರಜಾ ಇದ್ದ ದಿನಾನೂ ಆಗಿದೆಯಲ್ಲ ತಾತ. ಹತ್ತಿರ ಯಾರಿದ್ರು ಅಂದ್ರೆ ಪ್ರತಿ ಸಲ ‘ಯಾರೂ ಇಲ್ಲ’ ಅಂತ ಒತ್ತಿದೀರ. ಅಜ್ಜೀನ ಬಿಟ್ಟು ಎಲ್ಲಿಗೆ ಹೋಗ್ತೀರಿ?”

“ಎಲ್ಲಿಗೆ ಹೋಗ್ಲವ್ವ? ಪಕ್ಕದಲ್ಲೇ ಇರ್ತೀನಿ.”

“ಮತ್ತೆ ನಿಮ್ಮನ್ನೇ ಎಣಿಸಿಲ್ವಲ್ಲ?”

“ಕಂಡಕ್ಟ್ರು ತನ್ನ ತಲೆ ಎಣಿಸ್ತಾನೇನವ್ವ?” ಎಂದು ನಕ್ಕ.

ಅರುಣಾ ನಗಲಿಲ್ಲ. “ಮಗಳು ಮನೇಲಿರೋ ಭಾನುವಾರ ಒಂದೂ ಕೆಂಪು ಗುರುತಿಲ್ಲ. ನೀವೊಬ್ರೇ ಇದ್ದಾಗ ಮಾತ್ರ ತಾತ. ಅಜ್ಜಿ ಮನಸ್ಸಲ್ಲಿರೋ ಯಜಮಾನ್ರು ಇನ್ನೂ ಖಾಕಿ ಹಾಕ್ಕೊಂಡಿರೋ ಹುಡುಗ. ಬಿಳಿ ಮೀಸೆ ನೀವು, ಯಾರೋ ಪರಗಂಡಸು.”

ಗುಬ್ಬಿ ಬರುವವರೆಗೂ ಅವನು ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿದ್ದ.

ಮರುದಿನ ಮಧ್ಯಾಹ್ನ ಹೊಸ್ತಿಲು ದಾಟದೆ ಬಾಗಿಲ ಬಳಿ ನಿಂತ. ಹಿಂದೆ ರಾತ್ರಿ ಕುಣಿಗಲ್ಲಿನಲ್ಲೇ ಉಳಿಯಬೇಕಾದಾಗ ಬೇರೆ ಬಸ್ಸಿನ ಕಂಡಕ್ಟರ್ ಕೈಲಿ ಮನೆಗೆ ಹೇಳಿಕಳಿಸುತ್ತಿದ್ದ. ಸರ್ವಮಂಗಳಮ್ಮ ಅವರ ಕೈಲೇ ಊಟದ ಡಬ್ಬಿ ಕಳಿಸುತ್ತಿದ್ದಳು. ಈಗ ಅವನೇ ಅಂಥ ಕಂಡಕ್ಟರನಂತೆ ಕೂಗಿದ.

“ಅಮ್ಮಾ, ಸಿದ್ದಗಂಗಯ್ಯಂಗೆ ಇವತ್ತು ಕುಣಿಗಲ್ನಲ್ಲೇ ಹಾಲ್ಟಂತೆ. ಹೇಳ್ಬುಡು ಅಂದ್ರು.”

ಒಳಗೆ ತಟ್ಟೆ ಬೀಳಲಿಲ್ಲ.

“ಅವ್ರಿಗೆ ಹೋಟ್ಲೂಟ ಆಗಲ್ಲ. ನಿಂತ್ಕೊಳಣ್ಣ, ಡಬ್ಬಿ ಕೊಡ್ತೀನಿ.”

ಮಾಲಿನಿ ಮಾಡಿಟ್ಟಿದ್ದ ಮುದ್ದೆ, ಸೊಪ್ಪಿನ ಸಾರನ್ನು ತುಂಬಿ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು.

“ದಾರೀಲಿ ನೀನೇ ತಿಂದ್ಬುಟ್ಟೀಯ ಮತ್ತೆ.”

“ಇಲ್ಲಮ್ಮ, ತಲುಪಿಸ್ತೀನಿ. ನಿಮ್ದು ಊಟ ಆಯ್ತಾ ಅಂತ ಕೇಳಿದ್ರು.”

“ಈಗ ಕೂತ್ಕೋತೀನಿ ಅಂತ ಹೇಳು. ಬೇಗ ಬರಾಕೆ ಹೇಳು.”

“ಹೇಳ್ತೀನಮ್ಮ.”

ಡಬ್ಬಿ ಎತ್ತಿಕೊಂಡು ಜಗಲಿಯ ಮೇಲೆ ಕೂತ. ಗೋಡೆಯಾಚೆ ತಟ್ಟೆಯ ಸದ್ದಾಯಿತು, ಅವಳು ಉಣ್ಣುತ್ತಿದ್ದಳು. ಅದು ಕೇಳಿಸಿದ ಮೇಲೆ ಅವನು ಮುಚ್ಚಳ ತೆಗೆದ.